ಡಬ್ಬಿಯ ತಳದ ಚಿಟಿಕೆ ಸಕ್ಕರೆ

ನಮ್ಮ ಕಡೆ ಪಕ್ಕದ ಮನೆಯಿಂದ ಡಬ್ಬಿಯಲ್ಲಿ ಏನಾದರೂ ಬಂದರೆ ಆ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಕೊಡಲು ಏನೂ ಇಲ್ಲದಿದ್ದರೆ ತೊಳೆದು, ಒರೆಸಿ, ತಳಕ್ಕೆ ಒಂದು ಚಿಟಿಕೆ ಸಕ್ಕರೆ ಹಾಕಿ, ಮುಚ್ಚಳ ಮುಚ್ಚಿ ಕೊಡುತ್ತೇವೆ. ನನ್ನ ಅವ್ವ ಇದರಲ್ಲಿ ಬಲು ಕಟ್ಟುನಿಟ್ಟಾಗಿದ್ದಳು. ಆದರೆ ಮನೆಯವರ ಡಬ್ಬಿಗೆ ಈ ಮರ್ಯಾದೆ ಇಲ್ಲ. ಅಂಗಡಿಗೆ ಬುತ್ತಿ ಒಯ್ದ ಡಬ್ಬಿಯನ್ನು ನಾನು ಸಂಜೆ ತಂದು ಒಣಗಿದ ಅನ್ನದಗುಳಿನ ಸಮೇತ ಸಿಂಕಿನಲ್ಲಿ ಕೆಡವುತ್ತಿದ್ದೆ. ದಿನವೂ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದೆ. ಬೈಸಿಕೊಳ್ಳುವುದೂ ಒಂದು ಹಕ್ಕು ಎಂದು ಆಗ ನನಗೆ ಗೊತ್ತಿರಲಿಲ್ಲ.

ನನಗೆ ಐವತ್ತೆರಡು ತುಂಬಿದ ವರ್ಷ ಹೆಂಡತಿ ಹರಿಹರದಿಂದ ನನಗೆ ಅಂಥ ಒಂದು ಚಿಟಿಕೆ ಸಕ್ಕರೆ ಕಳಿಸಿದಳು. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಯ ಅಡುಗೆಮನೆಯಲ್ಲಿ ನಿಂತು ಮುಚ್ಚಳ ತೆಗೆದೆ. ಹೊಳೆಯುವ ಸ್ಟೀಲಿನ ಮೇಲೆ ನಾಲ್ಕು ಹರಳು. ಮೊದಲು ಸಿಟ್ಟು ಬಂತು. ನನಗೆ ಯಾವಾಗಲೂ ಮೊದಲು ಬರುವುದು ಸಿಟ್ಟೇ, ತಿಳಿವಳಿಕೆ ಹಿಂದಿನ ಬಸ್ಸಿಗೆ ಬರುತ್ತದೆ. ಆ ಡಬ್ಬಿ ಅವಳ ತವರಿನವರು ಮದುವೆಯಲ್ಲಿ ಕೊಟ್ಟದ್ದು. ತಳದ ಹೊರಮೈಯಲ್ಲಿ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರನ್ನೇ ಕೊರೆದಿದೆ. ತನ್ನದೇ ಡಬ್ಬಿಯನ್ನು ತೊಳೆದು, ಸಕ್ಕರೆ ಹಾಕಿ, ಬೇರೆ ಯಾರದೋ ಎಂಬಂತೆ ನನಗೆ ಕಳಿಸಿದ್ದಳು. ನಾನು ಅವಳ ಪಾಲಿಗೆ ಪಕ್ಕದ ಮನೆಯವನಾಗಿದ್ದೆ. ಅದು ಅರ್ಥವಾದಾಗ ಕುರ್ಚಿ ಎಳೆದುಕೊಂಡು ಕುಳಿತೆ.

ನಡೆದದ್ದನ್ನು ಮೊದಲಿನಿಂದ ಹೇಳಬೇಕು. ನಮ್ಮದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ, ಅಪ್ಪನ ಕಾಲದ್ದು. ನಮ್ಮ ಮನೆತನದಲ್ಲಿ ಸಂತೋಷ ಅಂದರೆ ಸಿಹಿ. ಹೊಸ ಏಜೆನ್ಸಿ ಬಂದರೆ ಪೇಡೆ, ದೀಪಾವಳಿಯ ಅಂಗಡಿ ಪೂಜೆಗೆ ಲಾಡು, ಯಾರದೋ ಹುಡುಗಿ ಪಾಸಾದರೆ ಜಿಲೇಬಿ. ಅಪ್ಪ ಅವ್ವನಿಗೆ ಎಂದೂ ಪ್ರೀತಿಯ ಮಾತು ಆಡಿದ್ದು ನಾನು ಕೇಳಿಲ್ಲ. ಆದರೆ ಸಂಜೆ ಅಂಗಡಿ ಮುಚ್ಚಿ ಬರುವಾಗ ಕಾಗದದ ಪೊಟ್ಟಣದಲ್ಲಿ ಮೈಸೂರು ಪಾಕು ತಂದು ಅವಳ ಪಕ್ಕ ಇಟ್ಟು ಕೈಕಾಲು ತೊಳೆಯಲು ಹೋಗುತ್ತಿದ್ದ. ಗಂಡಸು ಹೆಂಡತಿಗೆ ಹೇಳಬೇಕಾದದ್ದನ್ನು ಹೇಳುವ ರೀತಿ ಅದೇ ಎಂದು ನಾನು ಕಲಿತೆ. ಹದಿನೇಳು ವರ್ಷ ಅದನ್ನೇ ಮಾಡಿದೆ. ನನ್ನ ಮಟ್ಟಿಗೆ ನಾನು ಒಳ್ಳೆಯ ಗಂಡ.

ಹೆಂಡತಿ ಹರಿಹರದಲ್ಲಿ ಹೈಸ್ಕೂಲು ಶಿಕ್ಷಕಿ. ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬರುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ. ಅವಳು ಮುಖ್ಯೋಪಾಧ್ಯಾಯಿನಿ ಆದಳೆಂಬ ಸುದ್ದಿ ಬಂದ ದಿನ ನಾನು ಅಂಗಡಿಯನ್ನು ಬೇಗ ಮುಚ್ಚಿ ಒಂದು ಕೆ.ಜಿ. ಪೇಡೆ ಕಟ್ಟಿಸಿಕೊಂಡು ಹೋದೆ. ಅವಳು ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇದು ಯಾರಿಗೆ?" ಎಂದಳು.

"ನಿನಗೇ. ಬಾಯಿ ಸಿಹಿ ಮಾಡ್ಕ."

"ರೀ, ನಾನು ಸಿಹಿ ತಿನ್ನಲ್ಲ ಅಂತ ನಿಮಗ ಗೊತ್ತೈತಾ?"

ನಾನು ನಕ್ಕೆ. "ಹದಿನೇಳು ವರ್ಷದಿಂದ ತಿಂತಾನೇ ಇದೀಯಲ್ಲ!"

"ಹದಿನೇಳು ವರ್ಷದಿಂದ ನುಂಗ್ತಿದೀನಿ," ಎಂದಳು.

ಮದುವೆಯಾದ ಹೊಸದರಲ್ಲಿ, ನಮ್ಮ ಮನೆಯಲ್ಲಿ ಮಾಡಿದ ಮೊದಲ ಹೋಳಿಗೆಯ ಊಟದಲ್ಲೇ ಅವಳು ಹೇಳಿದ್ದಳಂತೆ, ತನಗೆ ಸಿಹಿ ಸೇರುವುದಿಲ್ಲ, ಬಾಯಿಗೆ ಇಟ್ಟರೆ ಹೊಟ್ಟೆ ತೊಳಸುತ್ತದೆ ಎಂದು. ಅವ್ವ, "ತಿಂದು ತಿಂದು ರೂಢಿ ಆಗ್ತೈತೆ ಬಿಡವ್ವ" ಎಂದು ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದಿದ್ದಳಂತೆ. ನಾನು ಪಕ್ಕದಲ್ಲಿ ಕೂತು ನಕ್ಕಿದ್ದೆನಂತೆ. ನನಗೆ ಆ ಊಟವೇ ನೆನಪಿಲ್ಲ. ಅಂದಿನಿಂದ ನಾನು ತಂದ ಪೊಟ್ಟಣಗಳಲ್ಲಿ ಒಂದು ಚೂರು ನನ್ನೆದುರಿಗೆ ನುಂಗಿ, ಉಳಿದದ್ದನ್ನು ಮನೆಗೆಲಸದವಳಿಗೆ ಕೊಟ್ಟಿದ್ದಳು.

"ಸಿಹಿ ಬಿಡ್ರಿ," ಎಂದಳು. ದನಿ ಏರಿಸಲಿಲ್ಲ, ಏರಿಸಿದ್ದರೆ ನಾನೂ ಏರಿಸಿ ಗೆಲ್ಲುತ್ತಿದ್ದೆ. "ನಿಮ್ಮ ಅಂಗಡಿಯಾಗ ಯಾವ ನಟ್ಟಿಗೆ ಯಾವ ಬೋಲ್ಟು ಅಂತ ಕಣ್ಣು ಮುಚ್ಚಿ ಹೇಳ್ತೀರಿ. ಮನೆಯಾಗ ನಾ ಏನು ತಿಂತೀನಿ, ಏನು ಬಿಡ್ತೀನಿ, ಒಂದಾದ್ರೂ ಹೇಳ್ರಿ ನೋಡಾನ."

ಗೊತ್ತಿದ್ದರೆ ತಾನೆ ಹೇಳುವುದು. ಗೊತ್ತಿಲ್ಲದವನು ಮಾಡುವುದನ್ನೇ ಮಾಡಿದೆ: ಕೂಗಾಡಿದೆ. ಒಂದು ಪೇಡೆಗೆ ಇಷ್ಟು ರಾದ್ಧಾಂತವೇ ಎಂದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಾವು ಉಂಡೆವು, ಮಲಗಿದೆವು. ಬೆಳಿಗ್ಗೆ ಎದ್ದಾಗ ಜಗಳ ಇರಲಿಲ್ಲ, ಮಾತೂ ಇರಲಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಅವಳು ಹರಿಹರದಲ್ಲಿ ಎರಡು ಕೋಣೆಯ ಮನೆ ಹಿಡಿದಳು. ಕೆಲಸ ಹೆಚ್ಚಾಯಿತು, ದಿನಾ ಓಡಾಟ ಆಗುವುದಿಲ್ಲ ಎಂದಳು. ನಾನೂ ಎಲ್ಲರಿಗೂ ಹಾಗೇ ಹೇಳಿದೆ. ದಾವಣಗೆರೆಯಿಂದ ಹರಿಹರಕ್ಕೆ ಅರ್ಧ ಗಂಟೆ ದಾರಿ, ಒಂದು ಬಸ್ಸು ತಪ್ಪಿದರೆ ಬೆನ್ನಿಗೇ ಇನ್ನೊಂದು. ಕೇಳಿದವರೆಲ್ಲ ಹೌದು ಹೌದು, ಓಡಾಟ ಬಲು ಕಷ್ಟ ಎಂದು ತಲೆಯಾಡಿಸಿದರು. ಒಬ್ಬರೂ ನಂಬಲಿಲ್ಲ.

ಅವಳು ಹೋದ ಮೇಲೆ ಫ್ರಿಜ್ಜಿನಲ್ಲಿದ್ದ ಪೇಡೆಯನ್ನು ನಾನೊಬ್ಬನೇ ತಿಂದು ಮುಗಿಸಿದೆ. ಅಷ್ಟು ಸಿಹಿಯನ್ನು ಒಬ್ಬನೇ ತಿನ್ನುವುದು ಎಂಥ ಶಿಕ್ಷೆ ಎಂಬುದು ಮೂರನೆಯ ದಿನಕ್ಕೆ ಗೊತ್ತಾಯಿತು. ಮನೆ ಬಹಳ ದೊಡ್ಡದಾಯಿತು. ಸಂಜೆ ಬೀಗ ತೆಗೆಯುವಾಗ ಒಳಗೆ ಯಾರೂ ಇಲ್ಲ ಎಂದು ಗೊತ್ತಿದ್ದೂ ಚಪ್ಪಲಿಯನ್ನು ಸದ್ದು ಮಾಡಿ ಬಿಡುತ್ತಿದ್ದೆ. ಟಿವಿ ಹಾಕಿ ಕೂತರೆ ಏನೋ ಕಡಿಮೆಯಾದಂತೆ. ಏನೆಂದು ಹೊಳೆಯಲು ಎರಡು ವಾರ ಹಿಡಿಯಿತು. ನಾನು ಉಂಡೆದ್ದು ಟಿವಿ ಮುಂದೆ ಕೂತ ಮೇಲೆ ಅವಳು ಅಡುಗೆಮನೆಯಲ್ಲಿ ಊಟಕ್ಕೆ ಕೂರುತ್ತಿದ್ದಳು. ಆಗ ಒಳಗಿನಿಂದ ಕರುಂ ಕರುಂ ಎಂದು ಏನನ್ನೋ ಕಡಿಯುವ ಸದ್ದು ಬರುತ್ತಿತ್ತು. ಅಷ್ಟು ವರ್ಷ ಆ ಸದ್ದು ಕಿವಿಗೆ ಬಿದ್ದಿತ್ತು, ಅದು ಏನೆಂದು ಒಮ್ಮೆಯೂ ಎದ್ದು ಹೋಗಿ ನೋಡಿರಲಿಲ್ಲ.

ಅವತ್ತು ಎದ್ದು ಹೋದೆ. ಬೇಳೆ ಡಬ್ಬಿಗಳ ಹಿಂದೆ ಒಂದು ಗಾಜಿನ ಭರಣಿ. ಅದರಲ್ಲಿ ಮೂರು ಮಜ್ಜಿಗೆ ಮೆಣಸಿನಕಾಯಿ. ಪ್ರತಿ ಬೇಸಿಗೆಗೆ ತಾನೊಬ್ಬಳಿಗೆಂದು ಮಾಡಿಕೊಳ್ಳುತ್ತಿದ್ದಳೇನೋ. ಆ ವರ್ಷ ಮಾಡಿಕೊಂಡಿರಲಿಲ್ಲ. ನಾನು ಎಣ್ಣೆ ಕಾಯಿಸಿ ಒಂದನ್ನು ಕರಿದು ಬಾಯಿಗಿಟ್ಟೆ. ಉಪ್ಪು, ಹುಳಿ, ಆಮೇಲೆ ಖಾರ. ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಬಂತು ಎಂದು ಹೇಳಿ ಮುಗಿಸಬಹುದು, ಆದರೆ ಈ ವಯಸ್ಸಿನಲ್ಲಿ ಸುಳ್ಳು ಯಾಕೆ.

ಅವಳನ್ನು ವಾಪಸ್ ಕರೆತರಬೇಕು, ಮಾತಿನಿಂದ ಆಗದು, ಕೈಯಿಂದ ಮಾಡಿ ಕಳಿಸಬೇಕು ಎಂದು ನಿಶ್ಚಯಿಸಿದೆ. ಅಂಗಡಿಯಿಂದ ಖಾರ ಕಟ್ಟಿಸಿ ಕಳಿಸುವುದು ಮತ್ತೆ ಪೇಡೆಯ ಕತೆಯೇ ಆಗುತ್ತಿತ್ತು. ಚಹಾ ಬಿಟ್ಟರೆ ನಾನು ಏನೂ ಮಾಡಿದವನಲ್ಲ. ಮಂಡಕ್ಕಿಯಿಂದ ಶುರು ಮಾಡಿದೆ. ದಾವಣಗೆರೆಯಲ್ಲಿ ಹುಟ್ಟಿ ಮಂಡಕ್ಕಿಗೆ ಒಗ್ಗರಣೆ ಹಾಕಲು ಬರುವುದಿಲ್ಲ ಎಂದರೆ ಜನ ಉಗಿಯುತ್ತಾರೆ. ಎಣ್ಣೆಗೆ ಬೆಳ್ಳುಳ್ಳಿ, ಕರಿಬೇವು, ಪುಟಾಣಿ ಕಡಲೆ ಹಾಕಿದೆ. ಅದು ಹೊಗೆಯಾಡುವಾಗಲೇ ಖಾರದ ಪುಡಿ ಸುರಿದೆ. ಘಾಟು ಎದ್ದ ರಭಸಕ್ಕೆ ನಾನು ಹಿತ್ತಲಿಗೆ ಓಡಿದೆ. ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಅಜ್ಜಿ ಕೆಮ್ಮಿ ಕೆಮ್ಮಿ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಏನಪ್ಪಾ, ಯಾರಿಗೆ ದೃಷ್ಟಿ ತೆಗೀತಿದೀಯ?"

"ದೃಷ್ಟಿ ಅಲ್ಲ ಅಜ್ಜಿ, ಮಂಡಕ್ಕಿ."

"ಅಯ್ಯೋ ನಮ್ಮಪ್ಪ! ಒಲೆ ಆರಿಸಿ ಖಾರ ಹಾಕ್ಬೇಕು. ನಿನ್ನ ಹೆಂಡ್ತಿ ಬರಾದ್ರಾಗ ಮನೆ ಸುಟ್ಟೀಯ."

ನನ್ನ ಹೆಂಡತಿ ಬರುತ್ತಾಳೆ ಎಂಬ ಮಾತನ್ನು ಅಷ್ಟು ಸಲೀಸಾಗಿ ಆಡಿದವರು ಅವರೊಬ್ಬರೇ. ಅದಕ್ಕೇ ಅವರ ಶಿಷ್ಯನಾದೆ. ಕಾಂಪೌಂಡಿನ ಆಚೆ ನಿಂತು ಅವರು ಹೇಳುತ್ತಿದ್ದರು, ಈಚೆ ನಾನು ತಟ್ಟೆ ಹಿಡಿದು ತೋರಿಸುತ್ತಿದ್ದೆ. ಮೂರನೆಯ ಸಲದ ಮಂಡಕ್ಕಿ ಬಾಯಿಗಿಡುವಂತಾಯಿತು. ಹೆಂಡತಿಯ ಶಾಲೆಯ ಒಬ್ಬ ಶಿಕ್ಷಕಿ ನಮ್ಮೂರಿನ ವಿದ್ಯಾನಗರದಿಂದ ದಿನಾ ಹರಿಹರಕ್ಕೆ ಹೋಗಿಬರುತ್ತಾರೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಅವರ ಕೈಗೆ ಡಬ್ಬಿ ಕೊಟ್ಟೆ. ಸಂಜೆ ಮೊಬೈಲಿಗೆ ಹೆಂಡತಿಯ ಸಂದೇಶ ಬಂತು: "ತಲುಪಿತು. ಚೆನ್ನಾಗಿತ್ತು." ಎರಡು ದಿನ ಬಿಟ್ಟು ಡಬ್ಬಿ ಬಂತು, ತಳದಲ್ಲಿ ಸಕ್ಕರೆಯೊಂದಿಗೆ.

ಆ ಸಕ್ಕರೆಯನ್ನು ಚೆಲ್ಲಲು ಕೈ ಬರಲಿಲ್ಲ. ಒಂದು ಸಣ್ಣ ಬಾಟಲಿಗೆ ಹಾಕಿಟ್ಟೆ.

ಮಳೆಗಾಲ ಪೂರ್ತಿ ಹೀಗೇ ನಡೆಯಿತು. ಶೇಂಗಾ ಚಟ್ನಿಪುಡಿ ಕಳಿಸಿದೆ. ಸಕ್ಕರೆ ಬಂತು. ಗುರೆಳ್ಳು ಚಟ್ನಿಪುಡಿ ಕಳಿಸಿದೆ, ಅದಕ್ಕೂ ಸಕ್ಕರೆ. ದೀಪಾವಳಿಗೆ ಚಕ್ಕುಲಿ ಒತ್ತಿದೆ. ಹಿಟ್ಟು ಗಟ್ಟಿಯಾಗಿ ಒಂದು ಸುರುಳಿಯೂ ಪೂರ್ತಿ ಬೀಳಲಿಲ್ಲ, ಬಿದ್ದವು ಕಲ್ಲಾದವು. ಅಜ್ಜಿ ಒಂದನ್ನು ಕೈಯಲ್ಲಿ ಹಿಡಿದು, "ಇದನ್ನ ನಿಮ್ಮ ಅಂಗಡಿಯಾಗ ವಾಷರ್ ಅಂತ ಮಾರು" ಎಂದರು. ನಾನು ಹಟಕ್ಕೆ ಬಿದ್ದು ಅವನ್ನೇ ಕಳಿಸಿದೆ. ಅವಳು ಬೈಯಲಿ ಎಂಬುದೇ ನನ್ನ ಆಸೆ. ಹಲ್ಲು ಮುರಿಯಿತು, ಹಿಟ್ಟಿಗೆ ಬೆಣ್ಣೆ ಹಾಕಲು ಯಾರೂ ಹೇಳಲಿಲ್ಲವಾ ಎಂದು ಒಂದು ಸಾಲು ಬರಲಿ ಎಂದು ಸಂಜೆಯೆಲ್ಲ ಮೊಬೈಲನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡು ಕೂತೆ. ಬಂತು: "ತಲುಪಿತು. ಚೆನ್ನಾಗಿತ್ತು." ಸಕ್ಕರೆಗಿಂತ ಆ ಮಾತೇ ಹೆಚ್ಚು ನೋಯಿಸಿತು. ಕಟ್ಟಿಕೊಂಡ ಹೆಂಡತಿ ಅಂಥ ಚಕ್ಕುಲಿಯನ್ನು ಚೆನ್ನಾಗಿತ್ತು ಎನ್ನುವುದಿಲ್ಲ. ನೆಂಟರು ಎನ್ನುತ್ತಾರೆ.

ಸಂಕ್ರಾಂತಿ ಕಳೆದು ಬಿಸಿಲು ಬಲಿತ ಮೇಲೆ ಅಜ್ಜಿ ಮಜ್ಜಿಗೆ ಮೆಣಸಿನಕಾಯಿಗೆ ಅಪ್ಪಣೆ ಕೊಟ್ಟರು. ಅಲ್ಲಿಯವರೆಗೆ ಎಷ್ಟು ಕೇಳಿದರೂ "ಮೋಡ ಇದ್ರ ಬೂಸ್ಟು ಹಿಡೀತಾವೆ, ತಡಿ" ಎಂದು ತಡೆದಿದ್ದರು. ಸಂತೆಯಲ್ಲಿ ಉದ್ದನೆಯ ಎಳೆಯ ಮೆಣಸಿನಕಾಯಿ ಆರಿಸಿ ತಂದೆ. ಒಂದೊಂದನ್ನೂ ಸೀಳಿ, ಉಪ್ಪು, ಜೀರಿಗೆ, ಮೆಂತ್ಯದ ಪುಡಿ ತುಂಬಿ ಹುಳಿ ಮಜ್ಜಿಗೆಯಲ್ಲಿ ಮುಳುಗಿಸಿದೆ. ಹಗಲು ತಾರಸಿಯ ಮೇಲೆ ಬಿಸಿಲಿಗೆ ಹರವುವುದು, ಸಂಜೆ ಬಾಚಿ ತಂದು ಅದೇ ಮಜ್ಜಿಗೆಗೆ ಹಾಕುವುದು, ಮರುದಿನ ಮತ್ತೆ ಹರವುವುದು. ಮಜ್ಜಿಗೆ ಪೂರ್ತಿ ಇಂಗುವ ತನಕ ಹೀಗೇ. ಕಣ್ಣಿಗೆ ಕೈ ತಾಗಿಸಿಕೊಂಡು ಒಂದು ದಿನ ಅಂಗಡಿಗೇ ಹೋಗಲಿಲ್ಲ. ಬೆರಳು ಉರಿಯುತ್ತಿದ್ದಾಗ ಯೋಚನೆ ಬಂತು, ಇದನ್ನು ಅವಳು ನಮ್ಮದೇ ತಾರಸಿಯ ಮೇಲೆ ವರ್ಷ ವರ್ಷ ಮಾಡಿದ್ದಾಳಲ್ಲ, ಅವಳ ಬೆರಳೂ ಹೀಗೇ ಉರಿದಿರಬೇಕಲ್ಲ ಎಂದು. ಆ ಬೆರಳನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಒಂಬತ್ತನೆಯ ದಿನ ಮೆಣಸಿನಕಾಯಿ ಗರಿಗರಿ ಒಣಗಿ ಬೆಳ್ಳಗಾದವು. ಅಜ್ಜಿ ಒಂದನ್ನು ಮುರಿದು ಸದ್ದು ಕೇಳಿ, "ಈಗ ನೀನೇ ಒಯ್ದು ಕೊಡು. ಬ್ಯಾರೆಯವರ ಕೈಯಾಗ ಬ್ಯಾಡ" ಎಂದರು.

ಭಾನುವಾರ ಬೆಳಿಗ್ಗೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹರಿಹರದ ಬಸ್ಸಿನಲ್ಲಿ ಕೂತೆ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ನದಿಯ ಕಡೆಗೆ ಇಳಿಯುವ ಓಣಿಯಲ್ಲಿ ಅವಳ ಮನೆ. ಬಾಗಿಲು ತೆಗೆದವಳು ಗಾಬರಿಯಾಗಲಿಲ್ಲ, ನಗಲೂ ಇಲ್ಲ.

"ಬರ್ರಿ. ಕೂಡ್ರಿ," ಎಂದಳು.

ಅವಳು ನನಗೆ ಹಿಂದೆ ಎಂದೂ ಕೂಡ್ರಿ ಎಂದಿರಲಿಲ್ಲ. ಸ್ವಂತ ಮನೆಯಲ್ಲಿ ಯಾರು ಯಾರಿಗೆ ಕೂಡ್ರಿ ಎನ್ನುತ್ತಾರೆ?

ಕೂತೆ. ಅಡುಗೆಮನೆ ಕಣ್ಣೆದುರಿಗೇ ಇತ್ತು. ಅವಳು ಚಹಾಕ್ಕಿಟ್ಟಳು. ನಮ್ಮ ಮನೆಯಲ್ಲಿ ನೀರು ಕುದಿಯುವಾಗಲೇ ಎಲ್ಲರ ಸಕ್ಕರೆಯೂ ಪಾತ್ರೆಗೆ ಬೀಳುತ್ತಿತ್ತು, ಅವ್ವನ ಅಳತೆಯಲ್ಲಿ. ಇಲ್ಲಿ ಅವಳು ಬರೀ ಚಹಾ ಕುದಿಸಿ ಮೊದಲು ತನ್ನ ಲೋಟಕ್ಕೆ ಸೋಸಿಕೊಂಡಳು. ಆಮೇಲೆ ಅಟ್ಟಣಿಗೆಯ ಮೂಲೆಯಿಂದ ರಬ್ಬರ್ ಬ್ಯಾಂಡ್ ಸುತ್ತಿದ ಸಕ್ಕರೆ ಪೊಟ್ಟಣ ತೆಗೆದು ನನ್ನ ಲೋಟಕ್ಕೆ ಎರಡೂವರೆ ಚಮಚ ಹಾಕಿ ಕಲಸಿದಳು. ಎಷ್ಟೆಂದು ಕೇಳಲಿಲ್ಲ. ಕೇಳದೆಯೇ ಅವಳಿಗೆ ಗೊತ್ತಿತ್ತು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಅಲ್ಲಿಗೆ ಮುಗಿಯಿತು. ಅಷ್ಟು ವರ್ಷ ಅವಳು ನಮ್ಮ ಮನೆಯ ಪಾಯಸದಂಥ ಚಹಾವನ್ನು ದಿನಕ್ಕೆ ಎರಡು ಸಲ ಕುಡಿದಿದ್ದಳು.

"ನಿನ್ನ ಮನೆಯಾಗ ಸಕ್ಕರೆ ಯಾಕ?" ಎಂದೆ, ಬಾಯಿಗೆ ಬಂದದ್ದು ಅಷ್ಟೇ.

"ನಿಮ್ಮ ಡಬ್ಬಿಗಂತ ತಂದಿದ್ದು. ಬ್ಯಾರೆ ಯಾರು ತಿಂತಾರ ಇಲ್ಲಿ."

ಡಬ್ಬಿ ತೆರೆದು ತೋರಿಸಿದೆ. ಅವಳು ಒಂದನ್ನು ಎತ್ತಿ ಮೂಸಿದಳು, ಸೀಳಿದ ಜಾಗವನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಆಮೇಲೆ ಎಣ್ಣೆ ಇಟ್ಟು ನಾಲ್ಕು ಕರಿದು, ಎರಡು ತಟ್ಟೆಗೆ ಮೊಸರನ್ನ ಬಡಿಸಿದಳು. ನಾವು ಎದುರುಬದುರು ಕೂತು ಉಂಡೆವು. ಕರುಂ ಎಂಬ ಆ ಸದ್ದನ್ನು ನಾನು ಮೊದಲ ಸಲ ಅವಳ ಮುಖ ನೋಡುತ್ತಾ ಕೇಳಿದೆ. ತಿನ್ನುವಾಗ ಅವಳು ಕಣ್ಣು ಮುಚ್ಚುತ್ತಾಳೆ. ಇದೂ ನನಗೆ ಗೊತ್ತಿರಲಿಲ್ಲ.

"ಹೆಂಗೈತೆ?"

"ಉಪ್ಪು ಮುಂದಾಗೈತೆ," ಎಂದಳು.

ಎಂಟು ತಿಂಗಳಿಂದ ಕಾಯುತ್ತಿದ್ದ ಬೈಗುಳ ಅದು. ನನಗೆ ಎಷ್ಟು ಧೈರ್ಯ ಬಂತೆಂದರೆ ಕೈ ತೊಳೆಯುವ ಮೊದಲೇ ಕೇಳಿಬಿಟ್ಟೆ. "ಮನಿಗೆ ಬಾ. ಎಲ್ಲಾ ಕಲ್ತೀನಿ. ಉಪ್ಪೂ ಕಲ್ತ್ಕಂತೀನಿ."

ಅವಳು ತಟ್ಟೆಗಳನ್ನು ಎತ್ತಿಕೊಂಡಳು. "ನಾ ಬರಲ್ಲ ರಿ," ಎಂದಳು. ಸಿಟ್ಟಿರಲಿಲ್ಲ. ಕ್ಲಾಸಿನಲ್ಲಿ ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವ ದನಿ. "ಇಲ್ಲಿ ಬೆಳಿಗ್ಗೆ ಎದ್ದು ನನಗ ಬೇಕಾದಂಗ ಚಾ ಮಾಡ್ಕಂತೀನಿ. ಅದೊಂದು ಸುಖ ಅಂತ ನನಗ ಗೊತ್ತೇ ಇರಲಿಲ್ಲ. ನೀವು ಕೆಟ್ಟೋರಲ್ಲ. ಆದ್ರ ನಾ ಬರಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅವ್ವ ನನಗೆ ಚಿಕ್ಕಂದಿನಿಂದ ಬೈಯುತ್ತಿದ್ದಳು. ನನ್ನ ಜೀವನಕ್ಕೇ ಹೊಲಿಸಿದ ಗಾದೆ ಅದು. ಹೆಂಡತಿ ಮೆಣಸಿನಕಾಯಿಗಳನ್ನು ತನ್ನ ಭರಣಿಗೆ ಸುರಿದುಕೊಂಡು, ಡಬ್ಬಿ ತೊಳೆದು, ಒರೆಸಿ, ಸಕ್ಕರೆ ಪೊಟ್ಟಣದ ರಬ್ಬರ್ ಬ್ಯಾಂಡ್ ಬಿಚ್ಚಿದಳು.

"ಬ್ಯಾಡ," ಎಂದೆ. "ಖಾಲಿ ಕೊಡು. ಇಲ್ಲಾಂದ್ರ ನೀನೇ ಇಟ್ಕ. ಹೆಸರೂ ನಿಂದೇ ಐತೆ."

ಅವಳು ಡಬ್ಬಿಯನ್ನು ತಿರುಗಿಸಿ ತಳದ ಹೆಸರನ್ನು ನೋಡಿದಳು. ಒಂದು ಕ್ಷಣ ಇಟ್ಟುಕೊಳ್ಳುತ್ತಾಳೆ ಎಂದೇ ಅನಿಸಿತು.

"ಇಟ್ಕಂಡ್ರ ಮುಂದಿನ ಸಲ ಯಾವುದ್ರಾಗ ಕಳಿಸ್ತೀರಿ?" ಎಂದಳು.

ಆಮೇಲೆ ಚಿಟಿಕೆ ಸಕ್ಕರೆ ಹಾಕಿ ಮುಚ್ಚಳ ಒತ್ತಿ ನನ್ನ ಕೈಗೆ ಕೊಟ್ಟಳು. ಓಣಿಯ ತಿರುವಿನ ತನಕ ಬಂದು ನಿಂತಿದ್ದಳು. ಬಸ್ಸಿನಲ್ಲಿ ಡಬ್ಬಿಯನ್ನು ಅಲುಗಾಡಿಸದಂತೆ ಹಿಡಿದುಕೊಂಡು ಬಂದೆ. ಅಜ್ಜಿ ಕಾಂಪೌಂಡಿನ ಆಚೆ ಕಾಯುತ್ತಿದ್ದರು. ಕೈಯಲ್ಲಿದ್ದ ಡಬ್ಬಿಯನ್ನು ನೋಡಿ ಬಟ್ಟೆ ತೆಗೆದುಕೊಳ್ಳಲು ಹೋದರು.

ಈಗ ಎರಡು ವರ್ಷವಾಯಿತು. ನಾನು ಕಳಿಸುವುದನ್ನು ಬಿಟ್ಟಿಲ್ಲ. ಕೋಡುಬಳೆ, ನಿಪ್ಪಟ್ಟು ಎಲ್ಲ ಬರುತ್ತದೆ, ಚಕ್ಕುಲಿ ಇನ್ನೂ ಕೈ ಹತ್ತಿಲ್ಲ. ಬರುತ್ತಾಳೆಂದು ಕಳಿಸುವುದಲ್ಲ; ಅವಳು ಏನು ತಿನ್ನುತ್ತಾಳೆ ಎಂದು ಗೊತ್ತಾದ ಮೇಲೆ ಸುಮ್ಮನೆ ಕೂರುವುದು ಆಗುತ್ತಿಲ್ಲ. ಅವಳ ಸಂದೇಶದಲ್ಲಿ ಈಗ ಒಮ್ಮೊಮ್ಮೆ ಎಣ್ಣೆ ಹೆಚ್ಚಾಯಿತು, ಹುಳಿ ಸಾಲದು ಎಂದಿರುತ್ತದೆ. ಡಬ್ಬಿ ಮಾತ್ರ ಎಂದೂ ಖಾಲಿ ಬಂದಿಲ್ಲ.

ಮನೆಗೆ ಸಕ್ಕರೆ ತರುವುದನ್ನು ನಿಲ್ಲಿಸಿದ್ದೇನೆ. ಬಾಟಲಿಯಲ್ಲಿ ಕೂಡಿಟ್ಟದ್ದು ಮೊದಲ ತಿಂಗಳಲ್ಲೇ ಮುಗಿಯಿತು. ಡಬ್ಬಿ ಬಂದ ದಿನ ಅದರ ತಳದ್ದನ್ನು ಚಹಾಕ್ಕೆ ಹಾಕಿಕೊಳ್ಳುತ್ತೇನೆ. ಉಳಿದ ದಿನ ಸಪ್ಪಗೇ ಕುಡಿಯುತ್ತೇನೆ.